ಗಿಟಾರಿನ ಕತ್ತಿಗೆ ಯಾವ ಅಂಟು

ನಮ್ಮ ನಡುಮನೆಯಲ್ಲಿರುವ ಮೇಜಿಗೆ ಮೂರು ಡ್ರಾಯರುಗಳಿವೆ. ಮೊದಲನೆಯದರಲ್ಲಿ ಕರೆಂಟ್ ಬಿಲ್ಲುಗಳು, ಎರಡನೆಯದರಲ್ಲಿ ಮಾತ್ರೆಗಳು. ಮೂರನೆಯದಕ್ಕೆ ನನ್ನ ಹೆಂಡತಿ ಸುಧಾ ‘ಅಂಟಿನ ಖಜಾನೆ’ ಎಂದು ಹೆಸರಿಟ್ಟಿದ್ದಾಳೆ. ಮೊನ್ನೆ ರಬ್ಬರ್ ಬ್ಯಾಂಡ್ ಹುಡುಕುತ್ತಾ ಅದನ್ನು ಎಳೆದರೆ ಬರಲೇ ಇಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದ ಮೇಲೆ ಗೊತ್ತಾಯಿತು, ಒಳಗೊಂದು ಪುಟ್ಟ ಟ್ಯೂಬು ಸೋರಿ ಡ್ರಾಯರನ್ನೇ ಮೇಜಿಗೆ ಅಂಟಿಸಿಬಿಟ್ಟಿತ್ತು. ಐದು ಸೆಕೆಂಡಿನಲ್ಲಿ ಹಿಡಿಯುತ್ತದೆಂದು ಮಾರುತ್ತಾರಲ್ಲ, ಆ ಜಾತಿಯ ಟ್ಯೂಬು. ಬಾಯಿಗೆ ಗುಂಡುಪಿನ್ನು ಚುಚ್ಚಿಟ್ಟವನು ನಾನೇ. ಅದನ್ನು ನೋಡಿದ ಕೂಡಲೇ ಡ್ರಾಯರನ್ನು ಮತ್ತೆ ತಳ್ಳಿ ಮುಚ್ಚಿಬಿಟ್ಟೆ. ನಿಮಗೆ ಇದು ಅತಿ ಎನಿಸಬಹುದು. ಎಲ್ಲರ ಮನೆಯಲ್ಲೂ ಅಂಥದ್ದೊಂದು ಟ್ಯೂಬು ಬಿದ್ದಿರುತ್ತದೆ, ಯಾರೂ ಅದನ್ನು ಕಂಡು ಬೆವರುವುದಿಲ್ಲ. ನಾನು ಬೆವರಿದೆ.

ನಿಜ ಹೇಳಬೇಕೆಂದರೆ ಅಂಟಿನ ವಿಷಯದಲ್ಲಿ ನಾನು ಪಂಡಿತನಾಗಿರಬೇಕಿತ್ತು. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಗೋಂದಿನ ಬಾಟಲಿ ನನ್ನ ಬಲಗೈಗೂ ಸೀಲು ಎಡಗೈಗೂ ಇರುತ್ತಿದ್ದವು. ಮನೆಗೆ ಬಂದು ಕೈತೊಳೆದ ಮೇಲೂ ಬೆರಳ ಸಂದಿಯಲ್ಲಿ ಒಣಗಿದ ಗೋಂದಿನ ಚಕ್ಕೆಗಳು ಉಳಿದಿರುತ್ತಿದ್ದವು. ಊಟಕ್ಕೆ ಕೂತಾಗ ಅವನ್ನು ಕಿತ್ತು ಎಲೆಯ ಪಕ್ಕ ಇಡುತ್ತೇನೆಂದು ಸುಧಾ ಮದುವೆಯಾದ ಹೊಸತರಲ್ಲಿ ಅವಳ ತಾಯಿಗೆ ದೂರು ಹೇಳಿದ್ದಳಂತೆ.

ಅದಕ್ಕೂ ಹಿಂದೆ, ಹುಡುಗನಾಗಿದ್ದಾಗ, ನಮ್ಮ ಕೊಡಿಗೇಹಳ್ಳಿಯಲ್ಲಿ ಅಂಟನ್ನು ಅಂಗಡಿಯಿಂದ ತರುವ ರೂಢಿಯೇ ಇರಲಿಲ್ಲ. ಕವರು ಅಂಟಿಸಲು ಒಂದೆರಡು ಅಗುಳು ಅನ್ನ ಸಾಕು. ಗಾಳಿಪಟಕ್ಕೂ ಅನ್ನವೇ. ಶಾಲೆ ಶುರುವಾಗುವ ವಾರ ಅಮ್ಮ ಮೈದಾಹಿಟ್ಟನ್ನು ನೀರಿನಲ್ಲಿ ಕುದಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ, ಪುಸ್ತಕಗಳಿಗೆ ಕಂದು ಕಾಗದ ಹೊದಿಸಲು ತಟ್ಟೆ ತುಂಬ ಅಂಟು ಮಾಡಿಕೊಡುತ್ತಿದ್ದಳು. ಬಿಸಿಯಾಗಿದ್ದಾಗ ಅದರ ವಾಸನೆ ಎಷ್ಟು ಚೆನ್ನಾಗಿರುತ್ತಿತ್ತೆಂದರೆ, ಮೈಲುತುತ್ತ ಹಾಕುವ ಮೊದಲೇ ನಾನು ಒಂದು ಬೆರಳು ನೆಕ್ಕಿಬಿಟ್ಟಿರುತ್ತಿದ್ದೆ. ನುಗ್ಗೇಮರದ ಅಂಟನ್ನಂತೂ ಕಿತ್ತು ಬಾಯಿಗೇ ಹಾಕಿಕೊಳ್ಳುತ್ತಿದ್ದೆವು. ಅದು ಅಂಟಿಸುವುದಕ್ಕೂ ಬರುತ್ತದೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಒಮ್ಮೆ ಉಪ್ಪಿನಕಾಯಿಯ ಪಿಂಗಾಣಿ ಜಾಡಿಯ ಮುಚ್ಚಳದ ಗುಬುಟು ನನ್ನ ಕೈಯಿಂದ ಮುರಿಯಿತು. ಯಾರೂ ನೋಡಲಿಲ್ಲ. ನಾನು ಅನ್ನ ಅರೆದು ಅಂಟಿಸಿ, ಜಾಡಿಯನ್ನು ಇದ್ದ ಜಾಗಕ್ಕೇ ತಳ್ಳಿ, ಸಂಧ್ಯಾವಂದನೆಗೆ ಕೂತವನಷ್ಟು ಗಂಭೀರವಾಗಿ ಮಗ್ಗಿ ಬರೆಯುತ್ತಾ ಕೂತೆ. ಎರಡು ದಿನ ಗುಬುಟು ನಿಂತಿತ್ತು. ಮೂರನೆಯ ದಿನ ಅಮ್ಮ ಮುಚ್ಚಳ ಎತ್ತಲು ಹೋದರೆ ಗುಬುಟು ಮಾತ್ರ ಕೈಗೆ ಬಂತು, ಮುಚ್ಚಳ ಜಾಡಿಯ ಮೇಲೇ ಉಳಿಯಿತು. “ಅಯ್ಯೋ, ನಾನೇ ಮುರಿದೆನಲ್ಲ” ಎಂದು ಅವಳು ಪೇಚಾಡಿಕೊಂಡಳು. ನಾನು ಮಗ್ಗಿಯಿಂದ ತಲೆ ಎತ್ತಲಿಲ್ಲ. ನನ್ನ ಅಂಟಿಸುವ ವಿದ್ಯೆಯೆಲ್ಲ ಅಷ್ಟೇ. ಬೇರೆಯವರು ಮುಟ್ಟುವವರೆಗೆ ನಿಂತರೆ ಸಾಕು.

ಇನ್ನು ಗಿಟಾರಿಗೆ ಬರುತ್ತೇನೆ. ಅದು ನನ್ನದಲ್ಲ. ನನಗಿಂತ ಐದು ವರ್ಷ ದೊಡ್ಡವಳಾದ ವಿಮಲಕ್ಕನದು. ಅಕ್ಕ ಗಡಿಯಾರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಕಣ್ಣಿಗೆ ಕಾಣದಂಥ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ಕೂರಿಸುವ ಕೆಲಸ. ಪಕ್ಕದ ಮೇಜಿನ ಗೆಳತಿಯೊಬ್ಬಳು ಊಟದ ವಿರಾಮದಲ್ಲಿ ಗಿಟಾರ್ ನುಡಿಸುತ್ತಿದ್ದಳಂತೆ. ಆರು ತಿಂಗಳು ನೋಡಿ ನೋಡಿ, ಅಕ್ಕ ತಾನೂ ಒಂದು ಕೊಂಡು ತಂದಳು. ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ, ಯಾರೂ ಕೇಳಲೂ ಇಲ್ಲ. ಅವಳು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ತನ್ನ ಪಾಡಿಗೆ ನುಡಿಸಿಕೊಳ್ಳುತ್ತಿದ್ದಳು. ಮದುವೆ, ಪಾಳಿ, ಮಕ್ಕಳು ಎಂದು ಯಾವಾಗ ಬಿಟ್ಟಳೋ ಗೊತ್ತಿಲ್ಲ. ಭಾವ ಹೋದ ಮೇಲೆ, ಯಲಹಂಕದ ಫ್ಲ್ಯಾಟಿನಲ್ಲಿ ಒಬ್ಬಳೇ ಇರುವಾಗ, ಮತ್ತೆ ಹೊರತೆಗೆದಳು. ಅಷ್ಟು ಹೊತ್ತಿಗೆ ಅವಳ ಬೆರಳ ಗಂಟುಗಳು ಬಿಗಿಯತೊಡಗಿದ್ದವು. ಬೆಳಿಗ್ಗೆ ಎದ್ದರೆ ಎಡಗೈ ಮುಷ್ಟಿ ಬಿಚ್ಚಲು ಕಾಲು ಗಂಟೆ ಬೇಕು. ಆಡಿಸುತ್ತಿರಿ, ನಿಲ್ಲಿಸಿದರೆ ಹೋಯಿತು ಎಂದಿದ್ದರು ಡಾಕ್ಟರು. ಹಾಗಾಗಿ ಅವಳಿಗೆ ಗಿಟಾರು ಶೋಕಿಯೂ ಹೌದು, ಔಷಧಿಯೂ ಹೌದು.

ದಸರೆಯ ಹೊತ್ತಿಗೆ ಅವಳ ಫ್ಲ್ಯಾಟಿಗೆ ಬಣ್ಣ ಹೊಡೆಸುವುದಿತ್ತು. “ಹದಿನೈದು ದಿನ ನಿನ್ ಹತ್ರ ಇರ್ಲಿ ಕಣೋ ಗೋಪಿ. ಬೆರಳಿಗೆ ಅಷ್ಟು ದಿನ ರಬ್ಬರ್ ಬಾಲ್ ಹಿಸುಕ್ತೀನಿ. ಇದಕ್ಕೇನಾದ್ರೂ ಆದ್ರೆ ಮಾತ್ರ ನಾನು ಮತ್ತೆ ಹೊಸದಕ್ಕೆ ಕೈ ಹೊಂದಿಸ್ಕೊಳ್ಳಲ್ಲ, ಅಷ್ಟು ವಯಸ್ಸು ಉಳಿದಿಲ್ಲ” ಎಂದು ಕೊಟ್ಟುಹೋದಳು. ದಿನಾ ಸಂಜೆ ಆರೂವರೆಗೆ ಫೋನು. ಮೊದಲ ಪ್ರಶ್ನೆ, “ಗಿಟಾರ್ ಹೆಂಗಿದೆ?” ಆಮೇಲೆಯೇ ನಾವು ಹೇಗಿದ್ದೇವೆ ಎಂಬುದು.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಆಯುಧ ಎಂಬುದಕ್ಕೆ ಬಹಳ ಉದಾರ ಅರ್ಥ. ಸ್ಕೂಟರ್, ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ, ನನ್ನ ಕನ್ನಡಕದ ಡಬ್ಬಿ, ಎಲ್ಲಕ್ಕೂ ಕುಂಕುಮ. ಸ್ಕೂಟರಿಗೆ ಬಾಳೆಕಂದು ಕಟ್ಟುತ್ತಿದ್ದಾಗ ನನಗೆ ಹೊಳೆಯಿತು, ಅಕ್ಕನ ಗಿಟಾರಿಗೂ ಪೂಜೆಯಾಗಬೇಕಲ್ಲ ಎಂದು. ಇದು ನನ್ನದೇ ಬುದ್ಧಿ, ಸುಧಾಳ ಮೇಲೆ ಹಾಕುವ ಹಾಗಿಲ್ಲ. ಅವಳು ಹೇಳಿದ್ದಳು, “ಒಳಗೆ ದೇವರ ಮುಂದೆ ಇಡೋಣ ಬಿಡ್ರೀ.” ನಾನು, ಎಲ್ಲಕ್ಕೂ ಒಟ್ಟಿಗೆ ಮಂಗಳಾರತಿ ಆಗಲಿ ಎಂದು, ಅದನ್ನು ಚೀಲದಿಂದ ತೆಗೆದು ಅಂಗಳಕ್ಕೆ ತಂದೆ. ಬಾಗಿಲ ಮೆಟ್ಟಿಲಿಗೆ ಒರಗಿಸಿ, ತಂತಿ ಬಿಗಿಯುವ ಬಿರಡೆಗಳ ಸಾಲಿನ ಮೇಲೆ ಅರಿಶಿನ ಕುಂಕುಮ ಇಟ್ಟು, ಕತ್ತಿಗೆ ಸೇವಂತಿಗೆ ಹಾರ ಹಾಕಿದೆ. ಫೋಟೊ ಕೂಡ ತೆಗೆದೆ.

ಬೂದುಗುಂಬಳ ಒಡೆದಾಯಿತು. ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು. ಇನ್ನು ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸುವ ಶಾಸ್ತ್ರ. ಗೇಟಿನ ಕಡೆಗೆ ತಿರುಗಿಸಿ ನಿಲ್ಲಿಸಬೇಕಾದ ಗಾಡಿಯನ್ನು, ಆರತಿಗೆ ಎದುರಾಗಿರಲಿ ಎಂದು ಮನೆಯ ಕಡೆಗೆ ನಿಲ್ಲಿಸಿದ್ದೆ. ನಿಂಬೆಹಣ್ಣು ದಪ್ಪದ್ದು. ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಗಾಡಿ ಕದಲಲಿಲ್ಲ, ಇನ್ನೂ ಸ್ವಲ್ಪ ಕೊಟ್ಟೆ. ನಿಂಬೆ ಪಚಕ್ಕೆಂದಿತು, ಗಾಡಿ ಒಂದು ನೆಗೆತ ನೆಗೆದು ಮುಂದಿನ ಚಕ್ರ ಗಿಟಾರಿನ ಬುಡಕ್ಕೆ ತಾಗಿತು. ಗಿಟಾರು ನಿಧಾನವಾಗಿ ಜಾರಿ, ಅದರ ಕತ್ತು ಮೆಟ್ಟಿಲ ಕಲ್ಲಿನ ಅಂಚಿಗೆ ಬಡಿಯಿತು. ಟಕ್ ಎಂದು ಒಂದೇ ಸದ್ದು. ಕಡ್ಡಿ ಮುರಿದಷ್ಟೇ ಸಣ್ಣದು. ಸುಧಾ ಆರತಿ ತಟ್ಟೆ ಹಿಡಿದುಕೊಂಡೇ ಹೇಳಿದಳು, “ಅಂಥಾದ್ದೇನೂ ಆಗಿಲ್ಲ ಅನ್ಸುತ್ತೆ ಕಣ್ರೀ.” ನಾನು ತಿರುಗಿಸಿ ನೋಡಿದೆ. ಬಿರಡೆಗಳ ಕೆಳಗೆ, ಕತ್ತಿನ ಹಿಂಭಾಗದಲ್ಲಿ, ಓರೆಯಾಗಿ ಒಂದು ಗೆರೆ. ಅದರೊಳಗೆ ಕುಂಕುಮ ಇಳಿದು, ಗೆರೆ ಕೆಂಪಗೆ ಕಾಣುತ್ತಿತ್ತು.

“ಈಗ್ಲೇ ಫೋನ್ ಮಾಡಿ ಅಕ್ಕಂಗೆ ಹೇಳ್ಬಿಡಿ” ಎಂದಳು ಸುಧಾ.

“ಹಬ್ಬದ ದಿನ ಯಾಕೆ” ಎಂದೆ.

ಹೇಡಿಗೆ ನೆಪ ಹುಡುಕಿಕೊಡುವುದರಲ್ಲಿ ಹಬ್ಬದಂಥದ್ದು ಇನ್ನೊಂದಿಲ್ಲ.

ಮಧ್ಯಾಹ್ನ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಅಂಗಡಿಗಳು ಬಾಗಿಲು ತೆಗೆಯುವುದನ್ನೇ ಕಾದು ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಓಡಿದೆ. ಅಂಗಡಿಯವನು, “ಯಾವ್ದಕ್ಕೆ ಸಾರ್?” ಎಂದ. ಗಿಟಾರಿಗೆ ಎನ್ನಲು ಬಾಯಿ ಬರಲಿಲ್ಲ. ಯಲಹಂಕದವರೆಗೆ ಸುದ್ದಿ ಹೋಗಿಬಿಡುತ್ತದೆಂಬಂತೆ ಸುತ್ತ ನೋಡಿ, “ಕುರ್ಚಿ ಕಾಲಿಗೆ” ಎಂದೆ. ಅವನು ಮೂರು ಬಗೆ ತೆಗೆದಿಟ್ಟ. ಒಂದು ಬಿಳಿ ಅಂಟು, ಬಡಗಿಗಳು ಬಳಸುವಂಥದ್ದು, ಒಂದು ದಿನ ಬಿಗಿದು ಕಟ್ಟಿಡಬೇಕು. ಇನ್ನೊಂದು ಎರಡು ಟ್ಯೂಬಿನದು, ಸಮಸಮ ಕಲಸಿ ಹಚ್ಚಬೇಕು. ಮೂರನೆಯದು ಈ ಐದು ಸೆಕೆಂಡಿನದು. “ಕುರ್ಚಿ ಕಾಲು ಅಂದ್ರೆ ಭಾರ ತಡೀಬೇಕು, ಬಿಳೀದೇ ತಗೊಳ್ಳಿ” ಎಂದು ಅವನು ಸರಿಯಾಗಿಯೇ ಹೇಳಿದ. ಆದರೆ ಗಡಿಯಾರ ಐದು ತೋರಿಸುತ್ತಿತ್ತು. ಆರೂವರೆಗೆ ಫೋನು ಬರುತ್ತದೆ. ಒಂದು ದಿನ ಕಾಯುವ ಅಂಟು ನನಗೆಲ್ಲಿ ಆಗಬೇಕು? ಐದು ಸೆಕೆಂಡಿನದನ್ನೇ ತಂದೆ.

ಮನೆಗೆ ಬಂದು ಟ್ಯೂಬಿಗೆ ಗುಂಡುಪಿನ್ನು ಚುಚ್ಚಿ, ಬಿರುಕಿನ ಬಾಯಿಗೆ ಹನಿಸಿ, ಹೆಬ್ಬೆಟ್ಟಿನಿಂದ ಒತ್ತಿ ಹಿಡಿದೆ. ಐದು ಎಣಿಸಿದೆ. ನಂಬಿಕೆ ಸಾಲದೆ ಐವತ್ತು ಎಣಿಸಿದೆ. ಬೆರಳು ತೆಗೆಯಲು ಹೋದರೆ ಬರಲಿಲ್ಲ. ಗಿಟಾರಿನ ಕತ್ತಿಗೆ ನನ್ನ ಹೆಬ್ಬೆಟ್ಟು ಅಂಟಿಕೊಂಡಿತ್ತು. ಎಳೆದರೆ ಬಿರುಕು ಮತ್ತೆ ಬಾಯಿಬಿಟ್ಟೀತೆಂಬ ಭಯ, ಎಳೆಯದಿದ್ದರೆ ಮುಂದಿನ ಆಯುಧಪೂಜೆಯವರೆಗೂ ಹೀಗೇ ಇರಬೇಕೆಂಬ ಭಯ. ಅಷ್ಟರಲ್ಲಿ ಫೋನು. ಸುಧಾ ಒಂದು ಕೈಯಲ್ಲಿ ಕೊಬ್ಬರಿ ಎಣ್ಣೆ ಹಿಡಿದು, ಇನ್ನೊಂದರಲ್ಲಿ ಫೋನನ್ನು ನನ್ನ ಕಿವಿಗಿಟ್ಟಳು.

“ಗಿಟಾರ್ ಹೆಂಗಿದ್ಯೋ?”

“ಇಲ್ಲೇ ಕೈಯಲ್ಲೇ ಇದೆ ಅಕ್ಕ. ಚೆನ್ನಾಗಿದೆ.”

ಅರ್ಧ ಮಾತು ಸತ್ಯವಾಗಿತ್ತು. ಸುಧಾ ನನ್ನ ಮುಖವನ್ನೇ ನೋಡುತ್ತಾ ಬೆರಳ ಸಂದಿಗೆ ಎಣ್ಣೆ ಬಿಟ್ಟಳು. ಹೆಬ್ಬೆಟ್ಟು ಬಿಡಿಸಿಕೊಳ್ಳಲು ಅರ್ಧ ಗಂಟೆ ಹಿಡಿಯಿತು.

ಅಲ್ಲಿಂದ ನನ್ನ ದಿನಚರಿ ಬದಲಾಯಿತು. ಬೆಳಿಗ್ಗೆ ಎದ್ದ ಕೂಡಲೇ ಹಲ್ಲುಜ್ಜುವ ಮೊದಲು ಗಿಟಾರು ತಿರುಗಿಸಿ ನೋಡುವುದು. ಅಂಚೆಯವನಲ್ಲವೇ, ಅಳತೆಗೆ ಒಂದು ಹಳೇ ಪೋಸ್ಟ್‌ಕಾರ್ಡ್ ಇಟ್ಟುಕೊಂಡಿದ್ದೆ. ಮೊದಲ ದಿನ ಅದರ ಅಂಚು ಬಿರುಕಿಗೆ ತೂರಲಿಲ್ಲ. ಮೂರನೆಯ ದಿನ, ಅಂಟು ಹಚ್ಚಿದ್ದ ಜಾಗದ ಪಕ್ಕದಲ್ಲೇ, ಅಂಚು ಸರಾಗವಾಗಿ ಒಳಗೆ ಹೋಯಿತು. ಯಾರೂ ಮುಟ್ಟದೆಯೇ, ಗೋಡೆಗೆ ಒರಗಿಸಿಟ್ಟ ವಸ್ತು ತಾನೇ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ತರಕಾರಿ ತರಲು ಹೋದರೆ ಈರುಳ್ಳಿ ಮರೆತು ಬಂದೆ. ಇಬ್ಬರು ಪರಿಚಯದವರನ್ನು, ‘ಒಬ್ಬ ಸ್ನೇಹಿತನ ಮನೆಯಲ್ಲಿ ಹೀಗಾಗಿದೆ’ ಎಂದು ವಿಚಾರಿಸಿದೆ. ಒಬ್ಬರು ಎರಡು ಟ್ಯೂಬಿನದೇ ಬ್ರಹ್ಮಾಸ್ತ್ರ ಎಂದರು. ಇನ್ನೊಬ್ಬರು ಹಳೇ ಬಡಗಿಗಳು ಕಾಯಿಸಿ ಹಚ್ಚುತ್ತಿದ್ದ ಮರವಜ್ರವೆಂಬ ಅಂಟು ಸಿಕ್ಕರೆ ನೋಡಿ ಎಂದರು. ಎರಡು ಟ್ಯೂಬಿನದನ್ನೂ ಬಿಳಿಯದನ್ನೂ ತಂದು ಡ್ರಾಯರಿನಲ್ಲಿಟ್ಟೆ, ಹಚ್ಚಲು ಧೈರ್ಯವಾಗಲಿಲ್ಲ. ಸಂಜೆಯಾದರೆ ಫೋನು. “ಚೆನ್ನಾಗಿದೆ ಅಕ್ಕ.” ಮಾರನೆಯ ದಿನ, “ಚೆನ್ನಾಗಿದೆ ಅಕ್ಕ.” ಅಕ್ಕ ಸಮಾಧಾನದಿಂದ ರಬ್ಬರ್ ಚೆಂಡಿನ ಸುದ್ದಿ ಹೇಳುತ್ತಿದ್ದಳು, ಇವತ್ತು ಇನ್ನೂರು ಸಲ ಹಿಸುಕಿದೆ, ಗಿಟಾರು ಬಂದ ದಿನವೇ ಕೂರುತ್ತೇನೆ ಎಂದು.

ಆರನೆಯ ಸಂಜೆಯ ಫೋನು ಮುಗಿದ ಮೇಲೆ ಸುಧಾ ಕೇಳಿದಳು, “ಅಕ್ಕ ಬಂದು ಅದನ್ನ ಎತ್ಕೊಂಡಾಗ ಕತ್ತು ಕೈಗೆ ಬಂದ್ರೆ, ನಾನೇ ಮುರಿದೆ ಅಂದ್ಕೊಳ್ಳಲ್ವೇನ್ರೀ?”

ನಾನು ಎದ್ದು ಹೋಗಿ ಗಿಟಾರನ್ನು ಚೀಲಕ್ಕೆ ಹಾಕಿದೆ.

ಮಾರನೆಯ ಬೆಳಿಗ್ಗೆ ನಮ್ಮ ಬೀದಿಯ ಸಂಗೀತದ ಮೇಷ್ಟ್ರಿಂದ ಒಂದು ವಿಳಾಸ ಪಡೆದು ಆಟೊ ಹತ್ತಿದೆ. ಆರ್‌.ಟಿ. ನಗರದಲ್ಲಿ ಮುನಿರಾಜು ಎಂಬುವರು ಇಂಥ ವಾದ್ಯಗಳನ್ನು ರಿಪೇರಿ ಮಾಡುತ್ತಾರಂತೆ. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ಎಂದಿನಂತೆ ಇಂಚಿಂಚು ಸರಿಯುತ್ತಿದ್ದವು. ಪ್ರತಿ ಬ್ರೇಕಿಗೂ ನಾನು ಗಿಟಾರಿನ ಕತ್ತನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ, ಮಗುವಿನ ನಿಲ್ಲದ ಕತ್ತಿಗೆ ಕೈಯೊಡ್ಡಿದ ಹಾಗೆ. ಆಟೊದವನು ಕನ್ನಡಿಯಲ್ಲಿ ನೋಡಿ, “ನಿಧಾನಕ್ಕೇ ಹೋಗ್ತೀನಿ ಬಿಡಿ ಸಾರ್” ಎಂದ.

ಮುನಿರಾಜು ಅರವತ್ತರ ಹತ್ತಿರದ ಮನುಷ್ಯ. ಮೊದಲು ಕುರ್ಚಿ ಮೇಜು ಮಾಡುತ್ತಿದ್ದವರು, ಊರು ನಾಗಸಂದ್ರದ ಆಚೆಗೆ. ಗಿಟಾರನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು, ಬಿರುಕನ್ನು ಉಗುರಿನಿಂದ ಸವರಿ, ಮೊದಲು ಕೇಳಿದ್ದು, “ತಂತಿ ಸಡ್ಲ ಮಾಡಿದ್ರಾ?”

“ಇಲ್ಲ.”

“ಆರು ತಂತಿ ಸಾರ್, ಅಗಲೂ ರಾತ್ರಿ ಈ ಕತ್ತನ್ನ ಎಳೀತಾ ಅವೆ. ಮುರಿದ ತಕ್ಷಣ ಸಡ್ಲ ಬಿಟ್ಟಿದ್ರೆ ಕೂದ್ಲೆಳೆ ಬಿರುಕಲ್ಲೇ ನಿಲ್ತಿತ್ತು.” ಅವರು ಒಂದೊಂದೇ ಬಿರಡೆ ತಿರುಗಿಸಿ ತಂತಿಗಳನ್ನು ಸಡಿಲಿಸಿದರು. ಆಮೇಲೆ ಬಿರುಕಿಗೆ ಮೂಗು ತಂದು ಮೂಸಿದರು. “ಅರಿಶ್ನ, ಕುಂಕುಮ, ಕೊಬ್ರಿ ಎಣ್ಣೆ. ಮೇಲೆ ಐದು ಸೆಕೆಂಡಿನ ಅಂಟು. ಮರದ್ದು ದೊಡ್ಡ ತೊಂದ್ರೆ ಅಲ್ಲ. ನೀವು ಅಚ್ಚಿರೋದನ್ನ ಮೊದ್ಲು ತೆಗೀಬೇಕು, ಅದೇ ದೊಡ್ಡ ಕೆಲಸ.”

“ತೆಗೆದು ಯಾವ ಅಂಟು ಹಾಕ್ತೀರಿ?” ಎಂದು ಕೇಳಿದೆ. ಒಂದು ವಾರದಿಂದ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ.

“ಐದು ಸೆಕೆಂಡಿನದು ಸರಿ ಮಾಡ್ಕೊಳ್ಳಾಕೆ ಟೈಮ್ ಕೊಡಲ್ಲ. ವಾರೆ ಕೂತ್ರೆ ವಾರೆನೇ. ಎರಡು ಟ್ಯೂಬಿಂದು ಕಲ್ಲಿನಂಗೆ, ಮುಂದೆ ಯಾವತ್ತಾದ್ರೂ ಬಿಚ್ಚಬೇಕಂದ್ರೆ ಬರಾಕಿಲ್ಲ. ಬಿಳೀದು ನಿಧಾನ, ಆದ್ರೆ ಮರದೊಳಕ್ಕೆ ಇಳೀತದೆ. ತೆಳು ತಂತಿ ಆಕಿದ್ರೆ ಅದೊಂದೇ ಸಾಕು, ದಪ್ಪ ತಂತಿ ಅಂದ್ರೆ ಜಾಸ್ತಿ ಎಳೀತವೆ, ಒಳಗೆ ಮರದ ಪಟ್ಟಿ ಕೂರಿಸ್ಬೇಕು.” ಅವರು ತಲೆ ಎತ್ತಿದರು. “ನುಡಿಸೋರು ನೀವಾ?”

“ನಮ್ಮಕ್ಕ.”

“ಅವ್ರ ಕೈ ನೋಡ್ದೆ ನಾನು ಅಂಟು ಆಕಲ್ಲ ಸಾರ್. ಕೆರೆದ ಮೇಲೆ ಕತ್ತು ಒಂದು ಕೂದಲಷ್ಟು ಸಣ್ಣ ಆಗ್ತದೆ. ಅದು ಅವ್ರಿಗೆ ಒಪ್ಪಬೇಕು. ಕರೀರಿ ಅವ್ರನ್ನ.”

“ಅವರಿಗೆ ಗೊತ್ತಿಲ್ಲ” ಎಂದೆ. ಹೀಗೆ ಹೊರಗಿನ ಮನುಷ್ಯನೊಬ್ಬನ ಮುಂದೆ ಮೊದಲ ಸಲ ಹೇಳಿದ್ದೆ. ಅವರು ಗಿಟಾರನ್ನು ಬಟ್ಟೆಯ ಮೇಲೆ ಮಲಗಿಸಿ, ಇನ್ನೊಂದು ವಾದ್ಯ ಎತ್ತಿಕೊಂಡು ಕೆಲಸ ಮುಂದುವರಿಸಿದರು.

ನಾನು ಹೊರಗೆ ಬಂದು ಎಳನೀರು ಗಾಡಿಯ ಪಕ್ಕ ನಿಂತೆ. ಎರಡು ಸಲ ನಂಬರು ಒತ್ತಿ ಕತ್ತರಿಸಿದೆ. ಮೂರನೆಯ ಸಲ ಅಕ್ಕನೇ ತಿರುಗಿ ಮಾಡಿದಳು. “ಏನೋ ಇಷ್ಟ್ ಹೊತ್ನಲ್ಲಿ? ಯಾರಿಗೇನಾಯ್ತು?” ನಾನು ಹೇಳಿದೆ. ನಿಂಬೆಹಣ್ಣು, ಮೆಟ್ಟಿಲು, ಅಂಟು, ಎಲ್ಲ ಹಿಂದುಮುಂದಾಗಿ. ಅತ್ತ ಕಡೆ ಬಣ್ಣದವರು ಏಣಿ ಎಳೆಯುವ ಶಬ್ದ ಕೇಳಿಸಿತು.

“ಎಲ್ಲಿದೀಯ?”

ಹೇಳಿದೆ.

“ಬರ್ತೀನಿ ಇರು.”

ಒಂದೂವರೆ ಗಂಟೆಯ ನಂತರ ಬಸ್ಸಿಳಿದು ಬಂದಳು. ನನ್ನನ್ನು ನೋಡಲಿಲ್ಲ, ನೇರ ಒಳಗೆ ಹೋಗಿ ಗಿಟಾರಿನ ಹತ್ತಿರ ಕೂತಳು. ಬಿರುಕಿನ ಉದ್ದಕ್ಕೂ ತೋರುಬೆರಳು ಎಳೆದಳು. ಮುನಿರಾಜು ಅವಳ ಎಡಗೈ ಕೇಳಿ ಪಡೆದು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದರು. ಕೋಲೊಂದನ್ನು ಕೊಟ್ಟು, ಕತ್ತು ಹಿಡಿಯುವಂತೆ ಹಿಡಿಯಲು ಹೇಳಿದರು. “ಬೆರಳು ನೋಯ್ತದಲ್ಲಮ್ಮ. ತೆಳು ತಂತಿಗೆ ಬದಲಾಯಿಸ್ಕೊಳ್ಳಿ. ಬಿಳೀ ಅಂಟೇ ಸಾಕು. ಕತ್ತು ಒಂದು ಎಳೆ ಸಣ್ಣಾದ್ರೆ ನಿಮಗೆ ಇನ್ನೂ ವಾಸಿ.”

“ಮಾಡಿ” ಎಂದಳು ಅಕ್ಕ.

ಅವರಿಗೆ ನನ್ನ ಅಂಟನ್ನು ಹತ್ತಿ ಮತ್ತು ಬ್ಲೇಡಿನಿಂದ ತೆಗೆಯಲು ಎರಡು ಗಂಟೆ ಹಿಡಿಯಿತು. ಆಮೇಲೆ ಬಿಳಿ ಅಂಟನ್ನು ಬಿರುಕಿನೊಳಗೆ ತುಂಬಿ, ಎರಡೂ ಕಡೆ ಮರದ ತುಂಡು ಕೊಟ್ಟು ಕ್ಲಾಂಪ್ ಬಿಗಿದಾಗ, ಅಂಟು ಗೆರೆಯುದ್ದಕ್ಕೂ ಸಣ್ಣ ಮಣಿಗಳಾಗಿ ಆಚೆ ಬಂತು. ಅಕ್ಕ ಕಣ್ಣು ಕದಲಿಸದೆ ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ. ಹಿಡಿಯದಿದ್ದರೆ ಏನು ಗತಿ ಎಂಬುದೊಂದೇ ನನ್ನ ತಲೆಯಲ್ಲಿ.

ಬಸ್‌ಸ್ಟಾಪಿನಲ್ಲಿ ಅವಳೇ ಮಾತು ತೆಗೆದಳು. “ಮುರಿದಿದ್ದಕ್ಕೆ ಬೇಜಾರಿಲ್ಲ ಅಂತ ಸುಳ್ಳು ಹೇಳಲ್ಲ. ಬೇಜಾರಿದೆ. ಆದ್ರೆ ಆರು ಸಂಜೆ ನಾನು ಕೇಳ್ದೆ, ನೀನು ಚೆನ್ನಾಗಿದೆ ಅಂದೆ. ನಾನು ನಂಬಿ ನೆಮ್ಮದಿಯಾಗಿ ಮಲಗ್ದೆ ಕಣೋ. ಅದಕ್ಕೆ ಜಾಸ್ತಿ ಬೇಜಾರು.”

ಬಸ್ಸು ಬಂತು, ಹತ್ತಿದಳು.

ಎರಡು ದಿನದ ಮೇಲೆ ಅವಳೇ ಹೋಗಿ ಗಿಟಾರು ತಂದುಕೊಂಡಳೆಂದು ಮುನಿರಾಜು ಫೋನಿನಲ್ಲಿ ಹೇಳಿದರು. ಅಕ್ಕ ಹೇಳಲಿಲ್ಲ. ಸಂಜೆ ಆರೂವರೆಯಾಗುತ್ತಿತ್ತು, ಆರೂ ಮುಕ್ಕಾಲಾಗುತ್ತಿತ್ತು, ಫೋನು ಸುಮ್ಮನಿರುತ್ತಿತ್ತು. ಚಾರ್ಜು ಇದೆಯೇ ಎಂದು ನೋಡುತ್ತಿದ್ದೆ. ಸುಧಾಳ ಫೋನಿನಿಂದ ನನ್ನದಕ್ಕೆ ಕರೆ ಮಾಡಿ ಪರೀಕ್ಷಿಸುತ್ತಿದ್ದೆ. ನಾನೇ ಮಾಡಬಹುದಿತ್ತು. ಏನೆಂದು ಕೇಳಲಿ ಎಂಬ ಭಯ. ಕತ್ತು ಮತ್ತೆ ಬಿಟ್ಟುಕೊಂಡಿದ್ದರೆ? ಅದಕ್ಕಿಂತ, ಅವಳು ಇನ್ನು ಮುಂದೆ ನನಗೆ ಏನನ್ನೂ ಕೇಳುವುದೇ ಬೇಡವೆಂದು ತೀರ್ಮಾನಿಸಿಬಿಟ್ಟಿದ್ದರೆ? ಎಂಟು ದಿನ ಹೀಗೆ ಕಳೆದವು.

ಒಂಬತ್ತನೆಯ ಸಂಜೆ ಫೋನು ಬಂತು.

“ಯಾಕೋ ನೀನು ಕೇಳ್ಲೇ ಇಲ್ಲ?” ಎಂದಳು ಅಕ್ಕ.

“ಗಿಟಾರ್ ಹೇಗಿದೆ ಅಕ್ಕ?”

“ಮೂರನೇ ತಂತಿ ಕರ್ ಅಂತ ಕೆರೆಯುತ್ತೆ. ಬಿರುಕಿದ್ದ ಜಾಗ ಹೆಬ್ಬೆಟ್ಟಿಗೆ ಸಿಗುತ್ತೆ, ಪ್ರತಿ ಸಲ ಸಿಟ್ಟು ಬರುತ್ತೆ ನಿನ್ ಮೇಲೆ. ತೆಳು ತಂತಿ ಹಗುರ ಇದೆ, ಇವತ್ತು ಅರ್ಧ ಗಂಟೆ ಕೂತೆ. ಕಿರುಬೆರಳು ಇನ್ನೂ ಬಗ್ತಾ ಇಲ್ಲ.” ಸ್ವಲ್ಪ ತಡೆದು ಕೇಳಿದಳು, “ನೀನು ಹೆಂಗಿದೀಯ?”

ಚೆನ್ನಾಗಿದ್ದೀನಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ.

“ನೀನು ಇನ್ಮೇಲೆ ಫೋನ್ ಮಾಡಲ್ಲ ಅಂದ್ಕೊಂಡಿದ್ದೆ ಅಕ್ಕ. ಎಂಟು ದಿನದಿಂದ ನಿದ್ದೆ ಇಲ್ಲ.”

“ಹೂಂ” ಎಂದಳು ಅಕ್ಕ. “ಈಗ ನಿಜ ಹೇಳ್ದೆ.”